ನೋಟಿಸ್ ಬೋರ್ಡಿನಲ್ಲಿ ‘ಎಸ್‌ಚೂ’ ಅಂತ ಬರೆದರೆ ಯಾರಿಗೆ ಅರ್ಥ ಆಗುತ್ತೆ?

ತೋಟದಮನೆ ಹುಡುಗಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ಅದೇ ದೊಡ್ಡ ಚರ್ಚೆ ಆಗಿ ಕೂತಿದೆ.

ನಮ್ಮ ಕಡೆ ಆನೆ ಕಾಟ ನಿಮಗೆಲ್ಲ ಗೊತ್ತೇ ಇದೆ. ಸುತ್ತಲಿನ ಬೆಳೆಗಾರರು, ಹೋಂಸ್ಟೇ ನಡೆಸುವವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ನಮ್ಮ ದೊಡ್ಡಪ್ಪ ಅದಕ್ಕೆ ಅಧ್ಯಕ್ಷರು. ಬರೆಯುವ ಕೆಲಸ ನನ್ನದು. ಕನ್ನಡ ಬೋರ್ಡ್ ಬಗ್ಗೆ ಯಾರದೂ ತಕರಾರಿಲ್ಲ. ಹೋಂಸ್ಟೇಗೆ ಚೆನ್ನೈ, ಹೈದರಾಬಾದ್ ಕಡೆಯವರೂ ಬರುತ್ತಾರೆ, ಹಾಗಾಗಿ ಇಂಗ್ಲಿಷಿನಲ್ಲೂ ಒಂದು ಬೇಕು. ಸಂಜೆ ಆರರ ಮೇಲೆ ತೋಟದೊಳಗೆ ಓಡಾಡುವುದನ್ನು ‘ಅವಾಯ್ಡ್’ ಮಾಡಿ ಅಂತ ನಾನು ಬರೆದುಕೊಟ್ಟೆ. ದೊಡ್ಡಪ್ಪ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿ, ಮೇಲೆ ‘ಎಸ್‌ಚೂ’ (eschew) ಅಂತ ಬರೆದರು. ಅದಕ್ಕೂ ಬಿಡಿ, ದೂರ ಇಡಿ ಅಂತಲೇ ಅರ್ಥವಂತೆ. ಅವಾಯ್ಡ್ ಅನ್ನೋದು ಮಾತಿಗೆ ಸರಿ, ಬರವಣಿಗೆಗೆ ತೂಕ ಇರಬೇಕು ಅಂತಾರೆ.

ಅವರ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಎದುರು ಮಾತಾಡೋಕೆ ಮನಸ್ಸಿಲ್ಲ. ಆದರೆ ಆನೆ ಬರುವ ದಾರಿಯಲ್ಲಿ ನಿಲ್ಲಿಸುವ ಬೋರ್ಡ್ ಇದು. ಓದಿದ ತಕ್ಷಣ ತಲೆಗೆ ಹೋಗಬೇಕು ಅಲ್ವಾ? ನಿಮಗೇನು ಅನ್ನಿಸುತ್ತೆ?

ಬಿಕ್ಕೋಡು ಬಾಯ್

ನಾನು ಡಿಗ್ರಿ ಇಂಗ್ಲಿಷ್ ಮೀಡಿಯಂನಲ್ಲೇ ಮುಗಿಸಿದ್ದೇನೆ. ಈ ಪದ ಇವತ್ತೇ ನೋಡಿದ್ದು.

ಹಾಸನದ ಮೇಷ್ಟ್ರು

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ದೊಡ್ಡಪ್ಪನವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ ಮಗಳೇ. ಪದ ಚೆನ್ನಾಗಿದೆ, ಆದರೆ ಇದು ಅದರ ಜಾಗ ಅಲ್ಲ. ಓದುವವರಿಗೆ ಕಷ್ಟ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯ, ಅರ್ಥವೇ ಇಲ್ಲಿ ಹೊಂದುವುದಿಲ್ಲ.

ರಸ್ತೆಯಲ್ಲಿ ಗುಂಡಿ ತಪ್ಪಿಸಿಕೊಂಡು ಗಾಡಿ ಓಡಿಸುತ್ತೀವಲ್ಲ, ಅದು ಅವಾಯ್ಡ್. ಅಪಾಯ ಎದುರಿಗಿದೆ, ಪಕ್ಕಕ್ಕೆ ಸರಿದೆವು, ಅಷ್ಟೇ. ಎಸ್‌ಚೂ ಹಾಗಲ್ಲ. ಕೈಗೆ ಸಿಗುವಂಥದ್ದನ್ನೇ, ಸರಿಯಲ್ಲ ಅಂತಲೋ ತನಗೆ ಬೇಡ ಅಂತಲೋ ಯೋಚಿಸಿ, ನಿರ್ಧಾರ ಮಾಡಿ ದೂರ ಇಡುವುದು. ಗಾಂಧೀಜಿ ಆಡಂಬರವನ್ನು ಎಸ್‌ಚೂ ಮಾಡಿದರು ಅನ್ನಿ, ಸರಿಯಾಗಿ ಕೂರುತ್ತದೆ. ಪ್ರಚಾರ, ಹಿಂಸೆ, ಐಷಾರಾಮ ಇಂಥವುಗಳ ಜೊತೆಗೇ ಅದು ಹೆಚ್ಚಾಗಿ ಬರುತ್ತದೆ. ಆನೆಯನ್ನು ಯಾರೂ ತತ್ವಕ್ಕಾಗಿ ಬಿಡುವುದಿಲ್ಲ. ಪ್ರಾಣ ಉಳಿಸಿಕೊಳ್ಳಲು ದೂರ ಇರುತ್ತಾರೆ.

ಹಳೇ ಪದ ಇದು. ಹಳೆಯ ಫ್ರೆಂಚಿನಿಂದ ಬಂತು. ‘ಶೈ’ ಅಂದರೆ ನಾಚಿಕೆಯ ಸ್ವಭಾವ ಅನ್ನುವ ಪದವೂ ಇದೇ ಬೇರಿನದು ಅಂತ ನಿಘಂಟುಗಳು ಹೇಳುತ್ತವೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೋಬ ದೇವರಿಗೆ ಹೆದರಿ ಕೆಟ್ಟದ್ದನ್ನು ಎಸ್‌ಚೂ ಮಾಡಿದವನು ಅಂತಲೇ ಪರಿಚಯ ಆಗುತ್ತಾನೆ. ಅಲ್ಲಿ ಅದಕ್ಕೊಂದು ಗಾಂಭೀರ್ಯ ಇದೆ.

ಇನ್ನೊಂದು. ನಮ್ಮ ಹುಡುಗರು ಇದರ ಮುಂದೆ ‘ಫ್ರಂ’ ಸೇರಿಸುತ್ತಾರೆ, ‘ಟು’ ಸೇರಿಸುತ್ತಾರೆ. ಒಬ್ಬರು ಏನನ್ನೋ ಬಿಡುತ್ತಾರೆ ಅಂತ ಹೇಳುವಾಗ ಎರಡೂ ಬೇಡ. ಏನನ್ನು ಬಿಡುತ್ತೀರೋ ಅದು ನೇರವಾಗಿ ಪಕ್ಕಕ್ಕೆ ಬರಬೇಕು.

ಎಂಎಸ್ ಕನಸು

ಸರ್, ನಾನು ಸ್ವಲ್ಪ ಬೇರೆ ಹೇಳ್ತೀನಿ. ಹಾಸನದಲ್ಲೇ ಇಂಜಿನಿಯರಿಂಗ್ ಓದ್ತಾ, ವಿದೇಶದಲ್ಲಿ ಎಂಎಸ್ ಓದೋಕೆ ಬರೆಯೋ ಜಿಆರ್‌ಇ ಪರೀಕ್ಷೆಗೆ ತಯಾರಿ ಮಾಡ್ತಿದ್ದೀನಿ. ಈ ಪದ ಎಲ್ಲಾ ಪದಪಟ್ಟಿಗಳಲ್ಲೂ ಇರುತ್ತೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ದಿನಾ ಕಣ್ಣಿಗೆ ಬೀಳುತ್ತೆ. ನಾವು ಬಳಸದೇ ಇದ್ದರೆ ಬರುವುದಾದರೂ ಹೇಗೆ? ಹಳ್ಳಿಯಿಂದ ಬಂದವರು ಸುಲಭದ ಪದ ಮಾತ್ರ ಬರೀಬೇಕು, ದೊಡ್ಡ ಪದ ಬೇರೆಯವರಿಗೆ ಅಂದ್ರೆ ನನಗೆ ಬೇಜಾರಾಗುತ್ತೆ.

ಬಿಕ್ಕೋಡು ಬಾಯ್

ಹಾಗೆ ಯಾರು ಹೇಳಿದ್ರು ಮಾರಾಯ? ಪರೀಕ್ಷೆಗೆ ಕಲಿ, ಪ್ರಬಂಧದಲ್ಲಿ ಬರಿ. ಇದು ಬೋರ್ಡ್.

ಎಸ್ಟೇಟ್ ರೈಟರ್, ಮೂಡಿಗೆರೆ

ಈ ಪದದಿಂದ ನಮ್ಮ ತೋಟದಲ್ಲಿ ಒಂದು ಅನಾಹುತ ಆಗೋದ್ರಲ್ಲಿತ್ತು. ಹೇಳಲೇಬೇಕು.

ಕಾಫಿ ಕೊಳ್ಳುವ ಕಂಪನಿಯವರು ಒಂದು ಸೂಚನೆ ಕಳಿಸಿದ್ದರು. ಹಳ್ಳದ ಪಕ್ಕದ ಬ್ಲಾಕ್‌ಗಳಲ್ಲಿ ಕಳೆನಾಶಕವನ್ನು ಎಸ್‌ಚೂ ಮಾಡಬೇಕು ಅಂತ ಅದರಲ್ಲಿತ್ತು. ಆಗ ಇದ್ದ ಮ್ಯಾನೇಜರ್ ಅದನ್ನು ಫೋನಿನಲ್ಲಿ ಸ್ಟೋರ್ ಹುಡುಗನಿಗೆ ಓದಿ ಹೇಳಿದರು. ಅವರ ಬಾಯಲ್ಲಿ ಅದು ‘ಎಶೂ’. ಮಳೆಗಾಲ, ನೆಟ್‌ವರ್ಕ್ ಕಡಿದು ಕಡಿದು ಬರ್ತಿತ್ತು. ಸ್ಟೋರಿನಲ್ಲಿ ಕೂತವನಿಗೆ ದಿನವೆಲ್ಲ ಕಿವಿಗೆ ಬೀಳೋ ಪದ ಯಾವುದು? ಗೊಬ್ಬರ ಇಶ್ಯೂ, ಡೀಸೆಲ್ ಇಶ್ಯೂ, ಕತ್ತಿ ಇಶ್ಯೂ. ಸ್ಟೋರಿನಿಂದ ಸಾಮಾನು ಕೊಡೋದಕ್ಕೆ ಇಶ್ಯೂ ಅಂತಾರೆ. ಅವನು ಹಾಗೇ ತಿಳಿದುಕೊಂಡ. ಇಶ್ಯೂ ಬುಕ್ಕಿನಲ್ಲಿ ಬ್ಲಾಕ್ ನಂಬರ್ ಹಾಕಿ, ಕ್ಯಾನ್ ತೆಗೆದು ಹೊರಗಿಟ್ಟು, ಮೇಸ್ತ್ರಿಗೆ ಸಹಿ ಮಾಡಿಸಿದ. ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಆಳುಗಳು ಹೊರಟೂ ಆಗಿತ್ತು. ಹಳ್ಳದ ಪಕ್ಕ ಯಾವತ್ತೂ ಹೊಡೆಯಲ್ವಲ್ಲ ಅಂತ ಮೇಸ್ತ್ರಿಗೇ ಅನುಮಾನ ಬಂದು ವಾಪಸ್ ಬಂದು ಕೇಳಿದರು. ಇಲ್ಲದಿದ್ದರೆ ಆ ನೀರು ಕುಡಿಯೋದು ಕೆಳಗಿನ ಊರಿನವರು.

‘ಹೊಡೆಯಬೇಡಿ’ ಅಂತ ಒಂದೇ ಮಾತು ಸಾಕಿತ್ತು.

ಹಾಸನದ ಮೇಷ್ಟ್ರು

ಆ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸಿ. ಉಚ್ಚಾರಣೆ ‘ಎಸ್‌-ಚೂ’, ಒತ್ತು ಎರಡನೆಯದರ ಮೇಲೆ. ‘ಎಶೂ’ ಅನ್ನುವವರೂ ಇದ್ದಾರೆ, ಕೆಲವು ನಿಘಂಟುಗಳು ಅದನ್ನೂ ಕೊಡುತ್ತವೆ.  ಏನೇ ಇರಲಿ, ಬಾಯಿಮಾತಿನಲ್ಲಿ ದಾಟಿಸಬೇಕಾದ ಸೂಚನೆಗೆ ಇಂಥ ಪದ ಹಾಕಲೇಬಾರದು. ನೋಟಿಸ್ ಅನ್ನುವುದು ಕಾಗದದಲ್ಲೇ ಕೂರುವುದಿಲ್ಲ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುತ್ತಾರೆ.

ಕರಿಕೋಟು, ಚಿಕ್ಕಮಗಳೂರು

ಕೋರ್ಟಿನಲ್ಲಿ ನಮಗೆ ಇದು ದಿನನಿತ್ಯದ ಪದ. ಒಬ್ಬ ಸಾಕ್ಷಿಯ ಹೇಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂದರೆ ಅದನ್ನು ‘ಪರಿಗಣನೆಯಿಂದ ಎಸ್‌ಚೂ’ ಮಾಡಬೇಕು ಅಂತ ವಾದ ಮಾಡ್ತೀವಿ. ದಕ್ಷಿಣದ ಹೈಕೋರ್ಟುಗಳ ತೀರ್ಪಿನಲ್ಲಿ ಇದು ಸಾಕಷ್ಟು ಸಿಗುತ್ತೆ. ಇಲ್ಲಿ ‘ಫ್ರಂ’ ಬರುತ್ತೆ ಮೇಷ್ಟ್ರೇ, ಬಿಡೋದು ಸಾಕ್ಷ್ಯವನ್ನು, ಪರಿಗಣನೆಯನ್ನಲ್ಲ.

ಕಾನೂನಿನಲ್ಲಿ ಈ ಪದಗಳನ್ನು ಒಂದರ ಬದಲು ಒಂದು ಹಾಕೋಕೆ ಆಗಲ್ಲ. 1872ರ ಕರಾರು ಕಾಯ್ದೆಯಲ್ಲಿ ‘ಅವಾಯ್ಡ್’ ಅಂದರೆ ದೂರ ಇರೋದಲ್ಲ, ಕರಾರನ್ನೇ ರದ್ದು ಮಾಡಿಕೊಳ್ಳೋದು. ತೆರಿಗೆಯಲ್ಲಿ ‘ಅವಾಯ್ಡ್’ ಮಾಡೋದು ಕಾನೂನಿನ ಒಳಗಿದ್ದು ಕಡಿಮೆ ಮಾಡಿಕೊಳ್ಳೋದು, ‘ಇವೇಡ್’ ಮಾಡಿದರೆ ಅಪರಾಧ. ಸಂವಿಧಾನದ 51ಎ ವಿಧಿಯಲ್ಲಿ ಹಿಂಸೆಯನ್ನು ‘ಅಬ್‌ಜ್ಯೂರ್’ ಮಾಡಬೇಕು ಅಂತ ನಾಗರಿಕರ ಕರ್ತವ್ಯ ಹೇಳಿದ್ದಾರೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು ಅದು. ಅಬ್‌ಜ್ಯೂರ್ ಅಂದರೆ ಕೈಬಿಟ್ಟೆ ಅಂತ ಪ್ರಮಾಣ ಮಾಡಿದ ಹಾಗೆ.

ಇಷ್ಟಾದರೂ ನಾನು ತಂಗಿಯ ಪರವೇ. 2022ರಲ್ಲಿ ಸುಪ್ರೀಂ ಕೋರ್ಟೇ ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ತೀರ್ಪನ್ನು, ಓದಿದರೆ ಅರ್ಥ ಆಗಲ್ಲ ಅನ್ನುವ ಕಾರಣಕ್ಕೆ ಬದಿಗಿಟ್ಟು, ಹೊಸದಾಗಿ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು. ಯಾರ ಬದುಕಿಗೆ ಸಂಬಂಧಪಟ್ಟ ತೀರ್ಪೋ ಅವರಿಗೆ ತಿಳಿಯಬೇಕು ಅನ್ನೋದು ಅದರ ಸಾರ. ನ್ಯಾಯಾಧೀಶರಿಗೇ ಆ ಮಾತು ಅನ್ವಯ ಆದ ಮೇಲೆ ತೋಟದ ಬೋರ್ಡಿಗೆ ಅನ್ವಯ ಆಗಲ್ವಾ?

ಬೆಳಗೊಳದವಳು

ಮೇಷ್ಟ್ರು ಹೇಳಿದ ಅರ್ಥಕ್ಕೆ ನಮ್ಮ ಮನೆಯೇ ಉದಾಹರಣೆ. ನಾವು ಶ್ರವಣಬೆಳಗೊಳದ ಜೈನರು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಅಡುಗೆಮನೆಗೆ ಬರಲ್ಲ. ನೆಲದಡಿಯ ಗೆಡ್ಡೆ ಕಿತ್ತರೆ ಅದರ ಜೊತೆಗಿರೋ ಸಣ್ಣ ಜೀವಗಳೂ ಹೋಗುತ್ತವೆ ಅಂತ. ಅಮ್ಮ ಸೂರ್ಯ ಮುಳುಗೋ ಮುಂಚೆ ಊಟ ಮುಗಿಸ್ತಾರೆ. ಚಳಿಗಾಲದಲ್ಲಿ ಐದೂವರೆಗೇ ತಟ್ಟೆ ಹಾಕಿರುತ್ತೆ. ಪ್ರವಾಸಿಗರಿಗೆ ಹಂಚೋ ಇಂಗ್ಲಿಷ್ ಕೈಪಿಡಿಗೆ ಬರೆಯುವಾಗ ಜೈನರು ಗೆಡ್ಡೆಗಳನ್ನು ಎಸ್‌ಚೂ ಮಾಡ್ತಾರೆ ಅಂತಲೇ ಬರೆದೆ. ಅವಾಯ್ಡ್ ಅಂತ ಹಾಕಿದ್ದರೆ ಗ್ಯಾಸ್ ಆಗುತ್ತೆ ಅಂತ ತಿನ್ನದವರ ಹಾಗೆ ಕೇಳ್ತಿತ್ತು. ಈ ಪದವನ್ನು ಪೂರ್ತಿ ಬಿಟ್ಟುಬಿಡಿ ಅನ್ನೋದನ್ನ ನಾನು ಒಪ್ಪಲ್ಲ.

ಎಂಎಸ್ ಕನಸು

ಇದೇ ನಾನು ಹೇಳ್ತಿದ್ದಿದ್ದು ಅಕ್ಕ!

ವೈದಿಕ, ಅರಕಲಗೂಡು

ನಮ್ಮಲ್ಲಿ ಅದಕ್ಕೆ ‘ವರ್ಜ್ಯ’ ಅಂತ ಪದವೇ ಇದೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಒಂದೊಂದು ತಿಂಗಳು ಒಂದೊಂದು ವರ್ಜ್ಯ. ಅಂಗಡಿಯಲ್ಲಿ ಸಿಗಲ್ಲ ಅಂತಲ್ಲ, ಬೇಕು ಅಂತಲೇ ಬಿಡೋದು. ಆದರೆ ಬಸ್ಸಿನಲ್ಲಿ ‘ಹೊಗೆಸೊಪ್ಪು ವರ್ಜ್ಯ’ ಅಂತ ಬರೆದರೆ ಹೇಗಿರುತ್ತೆ? ಬೀಡಿ ಸೇದಬೇಡಿ ಅಂದರೆ ಮುಗೀತು.

ಹಲ್ಮಿಡಿ ಹತ್ತಿರದವ

ಕನ್ನಡದಲ್ಲಿ ಈ ಖಾಯಿಲೆ ಇಲ್ವಾ? ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ನೋಡಿ. ಸುಮಾರು ಕ್ರಿ.ಶ. 450ರದು ಅಂತಾರೆ. ಹದಿನಾರು ಸಾಲು. ಕನ್ನಡದ ಹಳೆಯ ಶಾಸನ ಅಂತ ನಾವೆಲ್ಲ ಹೆಮ್ಮೆ ಪಡ್ತೀವಿ, ಓದಿದರೆ ಬಹಳಷ್ಟು ಸಂಸ್ಕೃತ ಪದಗಳೇ. ದೊಡ್ಡ ಪದ ಹಾಕಿದರೆ ಗೌರವ ಬರುತ್ತೆ ಅನ್ನೋದು ಆಗಿನಿಂದಲೂ ಬಂದಿರೋದೇ. ಈಗಲೂ ಇಲಾಖೆಯ ಸುತ್ತೋಲೆ ಬಂದರೆ ನಮ್ಮೂರಲ್ಲಿ ಅದನ್ನು ಬಿಡಿಸಿ ಹೇಳೋಕೆ ಒಬ್ಬರನ್ನ ಹುಡುಕಬೇಕು.

ಹಾಸನದ ಮೇಷ್ಟ್ರು

ಒಂದು ಮಾತು. ಅದು ದಾನಶಾಸನ, ಯುದ್ಧದಲ್ಲಿ ಹೋರಾಡಿದವನಿಗೆ ಕೊಟ್ಟ ಊರಿನ ದಾಖಲೆ. ಅರಮನೆಯವರ ಶೈಲಿ ಅಲ್ಲಿ ಇರಲೇಬೇಕಿತ್ತು. ರಾತ್ರಿ ಆನೆ ಬರುತ್ತೆ ಅಂತ ಊರಿನವರನ್ನು ಎಚ್ಚರಿಸಲು ಕಲ್ಲು ನೆಟ್ಟಿದ್ದಲ್ಲ. ಬರೆಯುವುದು ಯಾಕೆ, ಯಾರಿಗೆ ಅಂತ ನೋಡದೆ ಬರೀ ಪದ ನೋಡಿ ತೀರ್ಮಾನ ಮಾಡಬಾರದು.

ಆಲೂರು ಅಣ್ಣ

ಆನೆ ಅಂದಿರಿ, ನನಗೆ ಅರ್ಜುನ ನೆನಪಾದ. ಎಂಟು ಸಲ ಅಂಬಾರಿ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ನಮ್ಮ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟ. ಇವತ್ತಿಗೂ ಆ ಕಡೆ ಹೋದರೆ ಮನಸ್ಸು ಭಾರ ಆಗುತ್ತೆ. ಸಾಕಿದ ಆನೆಗೇ ಹೀಗಾದರೆ ಊಟ ಆದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ವಾಕ್ ಹೋಗೋ ಪ್ರವಾಸಿಗರ ಗತಿ ಏನು? ಬೋರ್ಡ್ ಬೇಗ ಹಾಕಿ ತಾಯಿ. ಪದ ಆಮೇಲೆ ನೋಡೋಣ.

ಬಿಕ್ಕೋಡು ಬಾಯ್

ಅಣ್ಣ, ನಿಮ್ಮ ಕಡೆಯ ಕಾಡಾನೆ ಭೀಮ ಈಗ ಎಲ್ಲಿದ್ದಾನೆ? ಮೊನ್ನೆ ನಮ್ಮ ರಸ್ತೆಯಲ್ಲೇ ನಿಂತಿದ್ದ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂತು.

ಆಲೂರು ಅಣ್ಣ

ಹಳೇ ವಿಡಿಯೋ ಅದು. ಅರಣ್ಯ ಇಲಾಖೆಯವರ ಮೆಸೇಜ್ ನೋಡಿ, ಇಂಥದ್ದು ಹಂಚಬೇಡಿ. ಜನ ಸುಮ್ನೆ ಗಾಬರಿ ಆಗ್ತಾರೆ.

ಕಾಡಿನ ಕೆಲಸದವಳು

ನಾನು ಕೆಲವು ಸಮಯ ತಮಿಳುನಾಡಿನ ವಾಲ್ಪಾರೈ ಕಡೆ ಇದ್ದೆ. ಅಲ್ಲಿ ಚಹಾ ತೋಟಗಳ ನಡುವೆ ಆನೆ ಓಡಾಡುತ್ತವೆ. ಎಚ್ಚರಿಕೆ ಕೊಡಲು ಮೊಬೈಲಿಗೆ ಮೆಸೇಜ್ ಹಾಕ್ತಾರೆ, ಓದಲು ಬಾರದವರಿಗೆ ಧ್ವನಿ ಕರೆ ಬರುತ್ತದೆ. ಎತ್ತರದ ಜಾಗದಲ್ಲಿ ಕೆಂಪು ದೀಪಗಳನ್ನೂ ಹಾಕಿದ್ದಾರೆ. ಹತ್ತಿರದಲ್ಲಿ ಆನೆ ಇದ್ದರೆ ದೀಪ ಉರಿಯುತ್ತದೆ. ಸಂಜೆ ಬಸ್ಸಿಳಿದು ತೋಟದ ಕಾರ್ಮಿಕರ ಲೈನ್ ಮನೆಗೆ ನಡೆಯುವ ಹೆಂಗಸರು ಮೊದಲು ತಲೆ ಎತ್ತಿ ಅದನ್ನು ನೋಡ್ತಾರೆ. ಉರೀತಿದ್ದರೆ ಅಲ್ಲೇ ಅಂಗಡಿ ಮುಂದೆ ನಿಂತುಕೊಳ್ಳುತ್ತಾರೆ, ನಾಲ್ಕು ಜನ ಸೇರುವವರೆಗೆ. ಅದಕ್ಕೆ ಇಂಗ್ಲಿಷೂ ಬೇಡ, ತಮಿಳೂ ಬೇಡ.

ನಿಮ್ಮ ಬೋರ್ಡಿನಲ್ಲೂ ದೊಡ್ಡದಾಗಿ ಆನೆ ಚಿತ್ರ, ಗಡಿಯಾರದಲ್ಲಿ ಆರು ಗಂಟೆ, ನಡೆಯುವವನ ಮೇಲೆ ಅಡ್ಡಗೆರೆ ಹಾಕಿಸಿ. ನಮ್ಮ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳು ಎಷ್ಟೊಂದು ಇವೆ. ಅವರಿಗೆ ಕನ್ನಡ ಬೋರ್ಡೂ ಓದೋಕೆ ಬರಲ್ಲ, ಇಂಗ್ಲಿಷ್ ಬೋರ್ಡೂ ಬರಲ್ಲ.

ಹೋಂಸ್ಟೇ ಅಕ್ಕ, ಮೂಡಿಗೆರೆ

ಇದು ಬಹಳ ಒಳ್ಳೆ ಸಲಹೆ. ನಾನೂ ಒಂದು ಹೇಳ್ತೀನಿ. ಎಲ್ಲರೂ ಎಸ್‌ಚೂ ಬೇಡ, ಅವಾಯ್ಡ್ ಹಾಕಿ ಅಂತಿದ್ದೀರಿ. ನನ್ನ ಪ್ರಕಾರ ಅವಾಯ್ಡೂ ಬೇಡ.

ನಮ್ಮಲ್ಲಿ ಮೊದಲು ಹಳ್ಳಕ್ಕೆ ಇಳಿಯುವುದನ್ನು ಅವಾಯ್ಡ್ ಮಾಡಿ ಅಂತಲೇ ಬೋರ್ಡ್ ಇತ್ತು. ಗೆಸ್ಟುಗಳು ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಇಳೀತಿದ್ದರು. ಕೇಳಿದರೆ, ಅವಾಯ್ಡ್ ಅಂತ ತಾನೇ ಇರೋದು, ಆದಷ್ಟು ಬೇಡ ಅಂತ ಅರ್ಥ, ನಾವು ಸ್ವಲ್ಪ ಹೊತ್ತು ಅಷ್ಟೇ ಅಂದರು. ಆ ಪದದಲ್ಲಿ ಅವರಿಗೊಂದು ಬಾಗಿಲು ತೆರೆದಿತ್ತು. ಆಮೇಲೆ ‘ಇಳಿಯಬೇಡಿ. ಬಂಡೆ ಜಾರುತ್ತದೆ. ನೀರು ಆಳ ಇದೆ.’ ಅಂತ ಬರೆಸಿದೆ. ಮೂರು ಸಾಲು, ಇಂಗ್ಲಿಷಿನಲ್ಲೂ ಹಾಗೇ. ಈಗ ಓದಿ ನಿಲ್ಲುತ್ತಾರೆ. ಯಾಕೆ ಅಂತ ಕಾರಣ ಕೊಟ್ಟರೆ ಜನ ಮಾತು ಕೇಳ್ತಾರೆ.

ಆನೆ ಬೋರ್ಡಿಗೂ ‘ಆರರ ಮೇಲೆ ಹೊರಗೆ ನಡೆಯಬೇಡಿ. ಆನೆ ಇದೆ.’ ಅಂತ ಹಾಕಿ. ಕೆಳಗೆ ಫೋನ್ ನಂಬರ್.

ಕರಿಕೋಟು, ಚಿಕ್ಕಮಗಳೂರು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆಗಿ ಪ್ರಶ್ನೆ ಬಂದರೂ, ಸ್ಪಷ್ಟವಾಗಿ ‘ಬೇಡಿ’ ಅಂತ ಎಚ್ಚರಿಕೆ ಕೊಟ್ಟವರ ಮಾತು ನಿಲ್ಲುತ್ತೆ.

ಎಂಎಸ್ ಕನಸು

ಸರಿ, ಬೋರ್ಡಿನ ವಿಷಯ ಒಪ್ಪಿದೆ. ಆಫೀಸ್ ಮೇಲ್, ಅರ್ಜಿ, ಪತ್ರಿಕೆಗೆ ಬರೆಯೋ ಪತ್ರ? ಅಲ್ಲೂ ಸುಲಭದ್ದೇ ಬರೀಬೇಕಾ?

ಹಾಸನದ ಮೇಷ್ಟ್ರು

ಜಾರ್ಜ್ ಆರ್ವೆಲ್ 1946ರಲ್ಲೇ ಇದಕ್ಕೆ ನಿಯಮ ಹೇಳಿಟ್ಟಿದ್ದಾರೆ. ಚಿಕ್ಕ ಪದ ಸಾಕಾಗುವ ಕಡೆ ದೊಡ್ಡದು ಹಾಕಬೇಡಿ ಅಂತ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವರು ಅವರು. ಆದರೆ ಗಮನಿಸು, ‘ಸಾಕಾಗುವ ಕಡೆ’. ಬೆಳಗೊಳದ ತಂಗಿಗೆ ಚಿಕ್ಕದು ಸಾಕಾಗಲಿಲ್ಲ, ಅದಕ್ಕೇ ಅವಳು ಹಾಕಿದ್ದು ಸರಿ.

ಇನ್ನು ನಮ್ಮ ಹಾಸನದಲ್ಲೇ 1908ರಲ್ಲಿ ಹುಟ್ಟಿದ ರಾಜಾ ರಾವ್ ಅವರನ್ನು ನೋಡು. 1938ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ನಮ್ಮ ಹಳ್ಳಿಯ ಅಜ್ಜಿ ಕಥೆ ಹೇಳುವ ಲಯವನ್ನೇ ಇಂಗ್ಲಿಷಿಗೆ ತಂದರು. ಇಂಗ್ಲಿಷ್ ಬರುತ್ತೆ ಅಂತ ತೋರಿಸಲು ಕಷ್ಟದ ಪದ ಪೇರಿಸಲಿಲ್ಲ. ನಮ್ಮವರ ಮಾತು ಅದರೊಳಗೆ ಕೇಳುವ ಹಾಗೆ ಮಾಡಿದರು. ಹಳ್ಳಿಯಿಂದ ಬಂದವರಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇಕಾ?

ತೋಟದಮನೆ ಹುಡುಗಿ, ಸಕಲೇಶಪುರ

ಎಲ್ಲಾ ಉತ್ತರಗಳನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಟೈಪ್ ಮಾಡ್ತಿದ್ದೀನಿ:

‘ಎಲ್ಲರ ಮಾತೂ ಕೇಳಿದೆ. ಹೋಂಸ್ಟೇ ನಡೆಸುವ ಆ ಹೆಣ್ಣುಮಗಳು ಹೇಳಿದ್ದು ನನಗೆ ಹಿಡಿಸಿತು. ಬೋರ್ಡಿಗೆ ಹಾಗೇ ಬರೆಯೋಣ. ಆದರೆ ನಮ್ಮ ಕಾಲ ನಿಮಗೆ ಗೊತ್ತಿಲ್ಲ. ಕಾಫಿ ಮಾರುವುದಕ್ಕೂ ಸ್ವಾತಂತ್ರ್ಯ ಇರಲಿಲ್ಲ, ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲಿಗೇ, ಅಂದರೆ ಎಲ್ಲರದೂ ಸೇರಿಸಿ ಮಾರುವ ಸಂಗ್ರಹಕ್ಕೇ, ಕೊಡಬೇಕಿತ್ತು. ಒಂದು ಮಾತು ಕೇಳಬೇಕಾದರೂ ಇಂಗ್ಲಿಷಿನಲ್ಲಿ ಪತ್ರ. ಸಾದಾ ಇಂಗ್ಲಿಷಿನಲ್ಲಿ ಬರೆದ ಸಣ್ಣ ಬೆಳೆಗಾರನ ಕಾಗದ ಮೇಜಿನ ಮೇಲೇ ಕೂರುತ್ತಿತ್ತು. ಭಾಷೆ ಗಟ್ಟಿ ಇದ್ದರೆ ಗುಮಾಸ್ತ ಎದ್ದು ಸಾಹೇಬರ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದ. ಹಾಗೆ ಕಲಿತ ಭಾಷೆ ಇದು. ಸುಮ್ಮನೆ ಜಂಬಕ್ಕೆ ಬರೆದದ್ದಲ್ಲ. ಈಗ ಅರಣ್ಯ ಇಲಾಖೆಗೆ ಮನವಿ ಕೊಡಬೇಕು. ಬೆಳೆ ನಷ್ಟದ ಪರಿಹಾರದಲ್ಲಿ ವಿಳಂಬವನ್ನು ಇಲಾಖೆ ಎಸ್‌ಚೂ ಮಾಡಬೇಕು ಅಂತ ಬರೆದಿದ್ದೇನೆ. ಅಲ್ಲಿ ಇರಲಿ ಅನ್ನುತ್ತೇನೆ.’

ಆಲೂರು ಅಣ್ಣ

ಗೌಡ್ರೇ, ನೀವು ಹೇಳಿದ್ದು ನಿಜ. ನಮ್ಮ ಅಪ್ಪನೂ ಪತ್ರ ಬರೆಸೋಕೆ ಪಕ್ಕದ ಎಸ್ಟೇಟಿನ ರೈಟರ್ ಹತ್ತಿರ ಹೋಗಿ ಕಾಯ್ತಿದ್ದರು. ನಿಮ್ಮಂಥವರು ಬರೆದ ಪತ್ರಗಳಿಂದಲೇ ಎಷ್ಟೋ ಕೆಲಸ ಆಗಿದೆ.

ಬೆಳಗೊಳದವಳು

ಮನವಿಯಲ್ಲಿ ಇದ್ದರೆ ತಪ್ಪೇನಿಲ್ಲ ಅನ್ಸುತ್ತೆ. ಓದುವವರು ಅಧಿಕಾರಿಗಳು.

ಎಸ್ಟೇಟ್ ರೈಟರ್, ಮೂಡಿಗೆರೆ

ನನಗೆ ಒಪ್ಪಿಗೆ ಇಲ್ಲ. ದೊಡ್ಡವರು ಬೇಸರ ಮಾಡಿಕೊಳ್ಳಬಾರದು. ವಿಳಂಬ ಎಸ್‌ಚೂ ಮಾಡಬೇಕು ಅಂದರೆ ಅವರು ಖಂಡಿತ ಮಾಡ್ತೀವಿ ಅಂತ ಉತ್ತರ ಬರೆದು ಫೈಲ್ ಮುಚ್ಚಬಹುದು. ಅದರಲ್ಲಿ ಹಿಡಿದುಕೊಳ್ಳೋಕೆ ಏನೂ ಇಲ್ಲ. ‘ಈ ನಂಬರಿನ ಅರ್ಜಿ, ಇಂಥ ತಾರೀಖಿಗೆ ಕೊಟ್ಟದ್ದು, ಇಷ್ಟು ಬಾಳೆ, ಇಷ್ಟು ಕಾಫಿ ಗಿಡ, ಹಣ ಬಂದಿಲ್ಲ. ಈ ತಾರೀಖಿನೊಳಗೆ ಕೊಡಿ’ ಅಂತ ಬರೆದು ನೋಡಿ. ಉತ್ತರ ಕೊಡುವವರು ತಾರೀಖಿಗೆ ಉತ್ತರ ಕೊಡಬೇಕಾಗುತ್ತೆ.

ಕರಿಕೋಟು, ಚಿಕ್ಕಮಗಳೂರು

ರೈಟರ್ ಮಾತಿಗೆ ನನ್ನದೂ ಒಂದು ಸೇರಿಸಿ. ಅರ್ಜಿ ನಂಬರ್ ಇದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆ ಕಡತ ಎಲ್ಲಿದೆ ಅಂತ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಗುಂಪಿನಲ್ಲಿ ಎಲ್ಲರ ಅರ್ಜಿಗಳನ್ನೂ ಒಂದೇ ಪಟ್ಟಿ ಮಾಡಿ ಮನವಿಗೆ ಲಗತ್ತಿಸಿ. ಗೌಡ್ರ ಪತ್ರದ ಮೊದಲ ಪುಟ ಹೇಗಿದೆಯೋ ಹಾಗೇ ಇರಲಿ, ಎರಡನೇ ಪುಟ ಈ ಪಟ್ಟಿ.

ತೋಟದಮನೆ ಹುಡುಗಿ, ಸಕಲೇಶಪುರ

ದೊಡ್ಡಪ್ಪ ಪಟ್ಟಿಗೆ ಹೂಂ ಅಂದರು. ಆ ಸಾಲಿನ ಬಗ್ಗೆ ಇನ್ನೂ ಯೋಚನೆ ಮಾಡ್ತಿದ್ದಾರೆ. ನಮ್ಮ ಗುಂಪಿನವರು ಯಾರಾದರೂ ಇಲ್ಲಿದ್ದರೆ ಪರಿಹಾರದ ಅರ್ಜಿಯ ಸ್ವೀಕೃತಿ ಚೀಟಿಯ ಫೋಟೋ ನನಗೆ ಮೆಸೇಜ್ ಮಾಡಿ. ನಂಬರ್, ತಾರೀಖು ಎರಡೂ ಕಾಣಬೇಕು. ಅಸ್ಸಾಮಿ ಬರೆಯಲು ಬರುವವರು ಯಾರಾದರೂ ಗೊತ್ತಿದ್ದರೂ ಹೇಳಿ.

ಕಾಡಿನ ಕೆಲಸದವಳು

ನಮ್ಮ ಪಕ್ಕದ ತೋಟದ ಲೈನಿನಲ್ಲಿ ಹತ್ತನೇ ಕ್ಲಾಸ್ ಓದಿದ ಒಬ್ಬಳು ಹುಡುಗಿ ಇದ್ದಾಳೆ, ಅಸ್ಸಾಮಿ ಚೆನ್ನಾಗಿ ಬರೀತಾಳೆ. ಭಾನುವಾರ ಸಂತೆಗೆ ಬರ್ತಾಳೆ, ಕೇಳ್ತೀನಿ.